ದುಪಟ್ಟಾದ ಎರಡು ಪಟ್ಟಿ

ಸತ್ತವರು ಬಂದು ಮಾತಾಡಿಸಿದರು, ಕನಸಿನಲ್ಲಿ ಕಂಡದ್ದೇ ನಡೆಯಿತು ಎಂದೆಲ್ಲ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಹಾಸನದಲ್ಲಿ ನಮ್ಮ ಚಿಕ್ಕಮ್ಮ ಇಂಥ ಕತೆ ಶುರುಮಾಡಿದರೆ ನಾನು ಕಾಫಿಗೆ ನೀರಿಡುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಬಿ.ಎಸ್ಸಿ. ಓದಿದವಳೆಂಬ ಜಂಬವೂ ಇತ್ತು ಅನ್ನಿ. ಆದ್ದರಿಂದ ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಡಾಟ್‌ಕಾಮ್ ಭರಾಟೆಯ ವರ್ಷಗಳು ಅವು. ಏನನ್ನಾದರೂ ಇಂಟರ್ನೆಟ್ಟಿಗೆ ಹಾಕುತ್ತೇವೆ ಎಂದರೆ ಸಾಕು, ದುಡ್ಡು ಸುರಿಯುವವರಿದ್ದರು. ರೆಡ್‌ವುಡ್ ಸಿಟಿಯಲ್ಲಿ, ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಮೇಲೆ, ಹನ್ನೊಂದು ಜನರ ಒಂದು ಕಂಪನಿಯಿತ್ತು. ಹಳೆಯ ಸರ್ಕಾರಿ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ ಜಗತ್ತಿಗೆ ಕೊಡುವುದು ಅವರ ಕನಸು. ಎಲ್ಲಿಂದಲೋ ನಮ್ಮ ಸಂಸ್ಥಾನದ ಕಾಲದ ಗೆಜೆಟ್ಟುಗಳೂ ಅವರ ಕೈಗೆ ಬಂದಿದ್ದವು. ಕನ್ನಡ ಓದಬಲ್ಲವರು ಬೇಕೆಂದು ನನ್ನನ್ನು ತೆಗೆದುಕೊಂಡರು. ಆ ಹಳದಿ ಹಾಳೆಗಳನ್ನು ಓದಿ, ಪುಟಕ್ಕೆ ಎರಡು ಸಾಲಿನ ಸಾರಾಂಶ ಟೈಪು ಮಾಡುವುದು ನನ್ನ ಕೆಲಸ. ಅಷ್ಟು ಸಮುದ್ರ ದಾಟಿ ಹೋಗಿ ಕೊನೆಗೆ ಮಾಡಿದ್ದು ಗುಮಾಸ್ತೆಯ ಕೆಲಸವೇ.

ಮೇ ತಿಂಗಳ ಒಂದು ಶುಕ್ರವಾರ ಜಿಂಕೆ ಬೇಟೆಯ ನಿಯಮಗಳ ಪುಟ ಬಂತು. ವರ್ಷದಲ್ಲಿ ಇಂತಿಷ್ಟು ತಿಂಗಳು ಬೇಟೆ ಬಂದ್. ಮರಿ ಜೊತೆಗಿರುವ ಜಿಂಕೆಗೆ ಯಾವ ಕಾಲದಲ್ಲೂ ಗುಂಡು ಹಾರಿಸಕೂಡದು. ರಜೆಯ ಮೇಲೆ ಊರಿಗೆ ಬಂದ ಸಿಪಾಯಿಗಳಿಗೂ ವಿನಾಯಿತಿ ಇಲ್ಲ. ಹೀಗೆ. ಸಾರಾಂಶ ಬರೆದೆ, ಕಂಪ್ಯೂಟರ್ ಆರಿಸಿದೆ, ಮರೆತೆ. ಮನೆಯಲ್ಲಿ ಅದರ ಮಾತೆತ್ತಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ನೆನಪಿಟ್ಟುಕೊಳ್ಳಿ.

ಆ ಭಾನುವಾರ ನಮ್ಮ ಕನ್ನಡದವರ ಪಿಕ್ನಿಕ್ಕು. ಲಾಸ್ ಆಲ್ಟೋಸಿನ ಬೆನ್ನಿಗಿರುವ ಗುಡ್ಡದ ಪಾರ್ಕಿನಲ್ಲಿ ಹದಿನಾಲ್ಕು ಸಂಸಾರ ಸೇರಿತ್ತು. ಸಂಜೆ ಎಲ್ಲರೂ ಸ್ಯಾನ್ ಮಟಿಯೋದಲ್ಲಿ ಗೆಳತಿ ಸರೋಜಳ ಮನೆಗೆ ಹೋಗಿ ಬಿಸಿಬೇಳೆಬಾತು ತಿನ್ನುವುದೆಂದು ಮಾತಾಗಿತ್ತು. ನಮ್ಮ ಪಿಕ್ನಿಕ್ಕುಗಳಲ್ಲಿ ಒಂದು ಪದ್ಧತಿ. ಹೊರಡುವಾಗ ಮಕ್ಕಳು ತಂತಮ್ಮ ಕಾರಿಗೆ ಹತ್ತುವುದಿಲ್ಲ. ಸ್ನೇಹಿತರು ಎಲ್ಲಿದ್ದಾರೋ ಅಲ್ಲಿಗೆ ನುಗ್ಗುತ್ತವೆ. ನಾವು ಹೆಂಗಸರು ಪಾತ್ರೆ ಎಣಿಸುತ್ತೇವೆ. ಇದು ಯಾರ ಕುಕ್ಕರ್, ಆ ಸೌಟು ಯಾರದು, ಡಬ್ಬಿಯ ಮುಚ್ಚಳ ಎಲ್ಲಿ ಎಂದು ಹತ್ತು ನಿಮಿಷ ಹುಡುಕುತ್ತೇವೆ. ಮಕ್ಕಳನ್ನು ಯಾರೂ ಎಣಿಸುವುದಿಲ್ಲ. ನನ್ನ ಗಂಡ ಐಸ್ ಬಾಕ್ಸ್ ಹೊತ್ತುಕೊಂಡು ನಮ್ಮ ಕಾರಿನಲ್ಲಿ ಹೋದ, ನಾನು ಸರೋಜಳ ವ್ಯಾನಿನಲ್ಲಿ ಹೋದೆ.

ಸ್ಯಾನ್ ಮಟಿಯೋದಲ್ಲಿ ತಟ್ಟೆ ಹಾಕುವಾಗ ನನ್ನ ಮಗಳು ಅನಘಾ ಕಾಣಲಿಲ್ಲ. ಅವಳಿಗಾಗ ಐದು ವರ್ಷ.

"ಪುಟ್ಟಿ ಎಲ್ಲಿ?" ಎಂದೆ ಗಂಡನಿಗೆ.

"ನಿನ್ ಜೊತೆ ವ್ಯಾನಲ್ಲಿ ಬಂದಳಲ್ವಾ?" ಎಂದ ಅವನು.

ಸರೋಜ ಸೌಟು ಕೆಳಗಿಟ್ಟು, "ಅಯ್ಯೋ, ನಮ್ ವ್ಯಾನಲ್ಲಿ ಇರ್ಲಿಲ್ಲ ಕಣೇ. ನಿಮ್ ಕಾರಲ್ಲಿ ಹೋದ್ಲು ಅನ್ಕೊಂಡೆ" ಎಂದಳು.

ಆಮೇಲೆ ಹದಿನಾಲ್ಕು ಸಂಸಾರದವರೂ ಒಬ್ಬರ ಮುಖ ಒಬ್ಬರು ನೋಡಿದರು. ಸರೋಜ ಪೊಲೀಸರಿಗೆ ಫೋನು ಮಾಡಿದಳು. ನಾನೂ ಗಂಡನೂ ಓಡಿಹೋಗಿ ಕಾರು ಹತ್ತಿದೆವು. ಫ್ರೀವೇಯಲ್ಲಿ ಅರ್ಧ ಗಂಟೆಯ ದಾರಿ. ಆ ಗುಡ್ಡದಲ್ಲಿ ಚಿರತೆಯಂಥ ದೊಡ್ಡ ಕಾಡುಪ್ರಾಣಿ, ಪೂಮಾ, ಓಡಾಡುತ್ತದೆಂಬ ಬೋರ್ಡಿನ ಮುಂದೆ ಬೆಳಿಗ್ಗೆ ನಾವೇ ಹಲ್ಲು ಬಿಟ್ಟುಕೊಂಡು ಫೋಟೋ ತೆಗೆಸಿಕೊಂಡಿದ್ದೆವು. ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆ ಆ ಬೋರ್ಡೊಂದೇ. ಇಬ್ಬರೂ ಬೈದಾಡಿಕೊಳ್ಳಲಿಲ್ಲ. ಬೈಯುವುದಕ್ಕೂ ಧೈರ್ಯ ಬೇಕು.

ಪಾರ್ಕಿನ ಗೇಟು ಹೊತ್ತಾದ ಮೇಲೆ ತಾನಾಗಿ ಮುಚ್ಚುವಂಥದ್ದು, ಮುಚ್ಚಿತ್ತು. ಬಿಸಿಲು ಹೋಗಿ ಬೆಳಕು ಮಾತ್ರ ಉಳಿದಿತ್ತು. ಗೇಟಿನ ಹೊರಗೆ ರಸ್ತೆಯ ಪಕ್ಕದ ಕಲ್ಲಿನ ಮೇಲೆ ಅನಘಾ ಕೂತಿದ್ದಳು. ಅತ್ತ ಗುರುತೂ ಇರಲಿಲ್ಲ. ನಾನು ಅವಳನ್ನು ಅಪ್ಪಿಕೊಂಡು ರಸ್ತೆಯಲ್ಲೇ ಕೂತುಬಿಟ್ಟೆ. ಜೀವ ಬಂದಂತಾಯಿತು ಅನ್ನುತ್ತಾರಲ್ಲ, ಅದು ಬರೀ ಮಾತಲ್ಲ. ನಿಜವಾಗಿಯೂ ಬೆರಳ ತುದಿಯವರೆಗೂ ಏನೋ ಬಂದು ತುಂಬಿಕೊಂಡಿತು.

ಆಮೇಲೆ ಅವಳ ಕಾಲು ನೋಡಿದೆ. ಫ್ರಾಕಿನ ಕೆಳಗೆ ಎರಡೂ ಕಾಲಿಗೆ, ಹಿಮ್ಮಡಿಯಿಂದ ಮೊಣಕಾಲಿನವರೆಗೆ, ಬಟ್ಟೆಯ ಪಟ್ಟಿ ಸುತ್ತಿತ್ತು. ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಅರ್ಧರ್ಧ ಬರುವಂತೆ, ಎಲ್ಲೂ ಸಡಿಲವಿಲ್ಲದೆ. ನಾನು ಪಿಕ್ನಿಕ್ ಬೆಂಚಿನ ಮೇಲೆ ಮರೆತುಬಂದ ನೀಲಿ ದುಪಟ್ಟಾ ಅದು. ಯಾರೋ ಉದ್ದಕ್ಕೆ ನೇರವಾಗಿ ಎರಡು ಭಾಗ ಮಾಡಿದ್ದರು. ಬಿಚ್ಚಿ ನೋಡಿದರೆ ಕಾಲಿನ ತುಂಬ ಮುಳ್ಳಿನ ಗೀರು.

"ಯಾರು ಕಟ್ಟಿದ್ದು ಪುಟ್ಟಿ?" ಎಂದು ಗಂಡ ಕೇಳಿದ.

ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಯಾವಾಗಲೂ ಇಂಗ್ಲಿಷಿನಲ್ಲೇ. "ದಿ ಕನ್ನಡ ಅಂಕಲ್. ಹೀ ಟಾಕ್ಸ್ ಲೈಕ್ ಅಜ್ಜಿ" ಎಂದಳು.

ತುಂಡು ತುಂಡಾಗಿ ಅವಳು ಹೇಳಿದ್ದನ್ನು ಜೋಡಿಸಿದರೆ ಇಷ್ಟು. ಅವಳು ಮರಿಯಿದ್ದ ಒಂದು ಜಿಂಕೆಯ ಹಿಂದೆ ಪೊದೆಯೊಳಗೆ ಹೋದಳು. ಅಂಕಲ್ ಬಂದು, ಮರಿ ಇರುವ ಜಿಂಕೆಯ ಹತ್ತಿರ ಯಾರೂ ಹೋಗಬಾರದು, ಈಗ ಬೇಟೆ ಬಂದ್, ನಾನೂ ಹೊಡೆಯುವ ಹಾಗಿಲ್ಲ ಎಂದ. ಕೈಹಿಡಿದು ಗೇಟಿನವರೆಗೆ ಕರೆತಂದ. ಅವನ ಕಾಲಿಗೂ ಹೀಗೇ ಬಟ್ಟೆ ಸುತ್ತಿತ್ತು. ಅಮ್ಮ ಬರುತ್ತಾಳೆ, ಕೂತಿರು ಎಂದ. ಅವಳು ಅಮ್ಮ ಬೇಕು ಎಂದಾಗ, ನನಗೂ ಅಮ್ಮ ಇದ್ದಾಳೆ, ನನ್ನ ದುಡ್ಡಿನಲ್ಲಿ ಅರ್ಧ ಅವಳಿಗೇ ಹೋಗುತ್ತದೆ ಎಂದನಂತೆ. ನಮ್ಮ ಕಾರಿನ ದೀಪ ತಿರುವಿನಲ್ಲಿ ಕಂಡಾಗ ಎದ್ದು ಹೋದನಂತೆ.

ಅಷ್ಟರಲ್ಲಿ ಪೊಲೀಸ್ ಕಾರು ಬಂತು. ಅಧಿಕಾರಿ ಟಾರ್ಚು ಹಿಡಿದು ಸುತ್ತ ಹುಡುಕಿದರು. ರಸ್ತೆಯ ಎರಡು ಕಡೆಯೂ ಬೇಲಿ. ಬೇರೆ ಕಾರಿಲ್ಲ, ಮನುಷ್ಯರಿಲ್ಲ. ಯಾರೋ ವಾಕಿಂಗ್ ಬಂದ ಪುಣ್ಯಾತ್ಮರಿರಬೇಕು, ಮಗು ಸಿಕ್ಕಿತಲ್ಲ, ಮನೆಗೆ ಹೋಗಿ ಎಂದರು. ನನಗೂ ಅದೇ ಸಾಕಾಗಿತ್ತು. ಊರಿಂದ ಬಂದ ಯಾರದೋ ಅಪ್ಪ, ಕಾಲಿಗೆ ಪಟ್ಟಿ ಸುತ್ತುವ ಹಳೆಯ ಮಿಲಿಟರಿಯವರು ಅಂದುಕೊಂಡೆ. ಸರೋಜಳ ಮನೆಗೆ ಫೋನು ಮಾಡಿದಾಗ ಅಲ್ಲಿ ಹದಿಮೂರು ಸಂಸಾರ ಒಟ್ಟಿಗೆ ಅತ್ತದ್ದು ಕೇಳಿಸಿತು. ಆ ದಿನ ಬಿಸಿಬೇಳೆಬಾತು ಯಾರೂ ತಿನ್ನಲಿಲ್ಲವಂತೆ.

ಮಂಗಳವಾರ ಆಫೀಸಿಗೆ ಹೋದೆ. ಶುಕ್ರವಾರದ ಪುಟದ ಮುಂದಿನ ಹಾಳೆ ತೆರೆದೆ. ಅದುವರೆಗೆ ನಾನು ನೋಡಿರದ ಹಾಳೆ. ಅದು ದೂರದ ದಂಡಿಗೆ ಹೋಗುವ ಸಿಪಾಯಿಗಳ ಭತ್ಯೆಯ ನಿಯಮ. ಬೂಟಿಗೆ ಇಷ್ಟು, ಕಂಬಳಿಗೆ ಇಷ್ಟು, ಕಾಲಿಗೆ ಸುತ್ತುವ ಪಟ್ಟಿ ಒಂದು ಜೊತೆಗೆ ಇಷ್ಟು. ಕೆಳಗೆ ಇನ್ನೊಂದು: ಸಿಪಾಯಿ ಬಯಸಿದರೆ ಅವನ ಭತ್ಯೆಯ ಅರ್ಧವನ್ನು ಊರಿನಲ್ಲಿರುವ ತಾಯಿಗೆ ಸಂದಾಯ ಮಾಡತಕ್ಕದ್ದು. ನಾನು ಕುರ್ಚಿಯಿಂದ ಎದ್ದು ಕೆಳಗಿಳಿದು ಹೋಗಿ ಬಿಸಿಲಿನಲ್ಲಿ ನಿಂತೆ.

ಜಿಂಕೆಯ ವಿಷಯವನ್ನು ನಾನೇ ಎಲ್ಲೋ ಬಾಯಿಬಿಟ್ಟಿರಬಹುದು ಎಂದು ವಾದಿಸಿ ನೋಡಿದ್ದೇನೆ. ನಾನೇ ಓದದ ಹಾಳೆಯಲ್ಲಿದ್ದುದನ್ನು ಮಗುವಿಗೆ ಯಾರು ಹೇಳಿದರು? ಬೆಂಚಿನಿಂದ ದುಪಟ್ಟಾ ಯಾರು ತಂದರು? ಪರಿಚಯದ ಕನ್ನಡದವರ ಮನೆಗಳಿಗೆಲ್ಲ ಫೋನು ಮಾಡಿ ವಿಚಾರಿಸಿದೆ. ಅಂಥ ಯಾರೂ ಆಗ ಅಲ್ಲಿರಲಿಲ್ಲ. ನನ್ನ ಬಿ.ಎಸ್ಸಿ. ಅಲ್ಲಿಗೆ ನಿಂತಿತು.

ಮರುವರ್ಷ ಕಂಪನಿ ಮುಚ್ಚಿತು, ಗೆಜೆಟ್ಟುಗಳನ್ನು ಪೆಟ್ಟಿಗೆಗೆ ತುಂಬಿ ಎಲ್ಲಿಗೋ ಕಳಿಸಿದರು. ಕಳಿಸುವ ಮುಂಚೆ ಆ ಹಾಳೆಯಲ್ಲಿ ಯಾರದಾದರೂ ಹೆಸರಿದೆಯೇ ಎಂದು ಹುಡುಕಿದೆ. ನಿಯಮಗಳಲ್ಲಿ ಹೆಸರಿರುವುದಿಲ್ಲ, 'ಸಿಪಾಯಿ' ಎಂದಷ್ಟೇ ಇರುತ್ತದೆ. ಅನಘಾ ಈಗ ದೊಡ್ಡವಳು. ಅವಳಿಗೆ ಏನೂ ನೆನಪಿಲ್ಲ. ಕಾಲು ಬೆಚ್ಚಗಿತ್ತು ಎನ್ನುತ್ತಾಳೆ, ಅಷ್ಟೆ. ಪಟ್ಟಿಗಳೆರಡೂ ನನ್ನ ಬೀರುವಿನಲ್ಲಿವೆ. ಅವನು ಯಾರು ಎಂದು ತಿಳಿಯುವ ಆಸೆ ನಾನು ಬಿಟ್ಟು ಬಹಳ ಕಾಲವಾಯಿತು. ನನ್ನ ಮಗಳನ್ನು ಅವನು ನನಗೆ ತಲುಪಿಸಿದ. ಅವನ ದುಡ್ಡಿನ ಆ ಅರ್ಧ ಅವನ ಅಮ್ಮನಿಗೆ ತಲುಪಿತೇ, ಅದೊಂದು ಯಾರಾದರೂ ಹೇಳಿದರೆ ಸಾಕು.