ಗೋಡೆಯ ಮೇಲೆ ಅಕ್ಕನ ಅಳತೆ

ಅಂಗಡಿ ಬೋರ್ಡು ಬರೆಯುವ ಈ ಹೆಂಗಸನ್ನು ಬೀದಿಯವರೆಲ್ಲ ಕರೆಯುವುದು ಬೋರ್ಡಮ್ಮ ಎಂದು. ಇಪ್ಪತ್ತೆರಡು ವರ್ಷ ಅವಳ ಹೊಟ್ಟೆ ತುಂಬಿದ್ದು ಬೇರೆಯವರ ಹೊಟ್ಟೆಯಿಂದ. ಜಿಮ್ಮು, ತೂಕ ಇಳಿಸುವ ಪುಡಿ, ಬೊಜ್ಜು ಕರಗಿಸುವ ಬೆಲ್ಟು, ಎಲ್ಲಕ್ಕೂ ಒಂದೇ ಚಿತ್ರ. ಎಡಗಡೆ ‘ಮೊದಲು’: ತಲೆ ತಗ್ಗಿಸಿದ ದಪ್ಪ ಹೆಂಗಸು. ಬಲಗಡೆ ‘ನಂತರ’: ಅದೇ ಹೆಂಗಸು, ಅರ್ಧ ಸೊಂಟ, ಮೂವತ್ತೆರಡೂ ಹಲ್ಲು. ದಪ್ಪಗಿರುವವರಿಗೆ ನಗಲು ಬರುವುದಿಲ್ಲ ಎಂದು ಈ ಕಸುಬಿಗೆ ಯಾರು ಹೇಳಿಕೊಟ್ಟರೋ!

ಬೋರ್ಡಮ್ಮ ಕಡ್ಡಿ. ಅವಳ ಅಕ್ಕ ದಪ್ಪ. ಶಾಲೆಯ ಸಮವಸ್ತ್ರ ಹೊಲಿಯುವವಳು. ಎಂಟು ತಿಂಗಳಿಂದ ಎಡಪಕ್ಕೆಯ ಕೆಳಗೆ ನೋವು, ಮಗ್ಗುಲಾಗಿ ಮಲಗಲಾರಳು. ಆಸ್ಪತ್ರೆಗೆ ಆರು ಸಲ ಹೋದಳು. ಆರು ಸಲವೂ ಬಾಗಿಲ ಬಳಿಯ ತೂಕದ ಯಂತ್ರ ಹತ್ತಿಸಿದರು, ಮುಳ್ಳು ನೋಡಿದರು, ಚೀಟಿ ಬರೆದರು: ತೂಕ ಇಳಿಸಿ ಬನ್ನಿ. ಮೈ ಮುಟ್ಟಿ ನೋಡಿದವರಿಲ್ಲ. ತರಕಾರಿಯನ್ನಾದರೂ ಜನ ಒತ್ತಿ ನೋಡಿ ಕೊಳ್ಳುತ್ತಾರೆ.

ಅಕ್ಕನ ಹೊಲಿಗೆ ಕೋಣೆಯಲ್ಲಿ ಭಾನುವಾರಗಳಂದು ಐದು ಜನ ದಪ್ಪ ಹೆಂಗಸರು ಸೇರುತ್ತಿದ್ದರು. ಬಸ್ಸಿನಲ್ಲಿ ‘ಎರಡು ಟಿಕೆಟ್ ತಗೊ’ ಎನಿಸಿಕೊಂಡವಳು, ಸಂದರ್ಶನದಲ್ಲಿ ಕುರ್ಚಿಯ ಗತಿಯೇನು ಎನಿಸಿಕೊಂಡವಳು. ನಮ್ಮ ಮೈಯನ್ನು ಇದ್ದ ಹಾಗೆ ಬದುಕಲು ಬಿಡಿ, ಅಷ್ಟೇ ಅವರ ಬೇಡಿಕೆ. ಅದಕ್ಕೊಂದು ಗುರುತಿನ ಚಿತ್ರ ಬೇಕಿತ್ತು, ಬರೆಯಲು ಬೋರ್ಡಮ್ಮನನ್ನು ಕರೆಸಿದ್ದರು.

“ಹೂವು ಹಾಕೋಣ,” ಎಂದಳು ಅವರಲ್ಲೊಬ್ಬಳು, ಬ್ಯಾಂಕಿನ ಕೆಲಸದವಳು.

“ಹೂವು ಹಾಕೋಕೆ ನಾವೇನು ಸತ್ತಿದ್ದೀವಾ?” ಎಂದಳು ಅಕ್ಕ.

ಬೋರ್ಡಮ್ಮ ಹಾಳೆಯ ಮೇಲೆ ಗೀಚಿದಳು. ಡಾಕ್ಟರು ಬಗ್ಗಿ ತೂಕದ ಯಂತ್ರದ ಎದೆಗೆ ಸ್ಟೆತಾಸ್ಕೋಪ್ ಹಿಡಿದಿದ್ದಾನೆ. ಪಕ್ಕದಲ್ಲಿ ರೋಗಿ ಸುಮ್ಮನೆ ನಿಂತಿದ್ದಾಳೆ. ಐವರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಒಬ್ಬಳು ಅತ್ತಳು.

ಆಸ್ಪತ್ರೆಯ ಗೇಟಿನ ಎದುರಿಗೇ ಸೈಕಲ್ ರಿಪೇರಿಯವನ ಗೋಡೆ. “ಬರೀರಿ, ಅಳಿಸೋಕೆ ಬಂದೋರನ್ನ ನಾನು ನೋಡ್ಕೋತೀನಿ,” ಎಂದ ಅವನು. ಬೆಳಗ್ಗೆ ಆರಕ್ಕೆ ಶುರು ಮಾಡಿದ್ದು, ಹತ್ತರ ಹೊತ್ತಿಗೆ ಅಕ್ಕನನ್ನೇ ನೆನೆದು ಬರೆದ ಆಳೆತ್ತರದ ರೋಗಿ ಗೋಡೆಯ ಮೇಲೆ ಎದ್ದು ನಿಂತಳು. ಅಕ್ಕ ದಾರಿಯಲ್ಲಿ ಅಲ್ಲಲ್ಲಿ ಕೂತು, ಎದ್ದು, ನೋಡಲು ಬಂದಳು.

“ಯಾರೇ ಇವಳು, ನನ್ನ ಬಟ್ಟೆ ಹಾಕ್ಕೊಂಡು ನಿಂತಿರೋದು?”

ಬೋರ್ಡಮ್ಮ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದಳು. ಸೊಂಟ ಒಳಗೆ ಹೋಗಿತ್ತು. ತೋಳು ಸವೆದಿತ್ತು. ‘ನಂತರ’ ಬರೆದು ಬರೆದು ಪಳಗಿದ ಕೈ, ಅವಳನ್ನು ಕೇಳದೆಯೇ ಅಕ್ಕನನ್ನು ಕತ್ತರಿಸಿ ಹಾಕಿತ್ತು.

“ನೀನೂ ಇಳಿಸಿಬಿಟ್ಯಲ್ಲೇ.” ಅಕ್ಕ ನಗಲು ನೋಡಿದಳು, ಆಗಲಿಲ್ಲ.

ಇನ್ನು ಕೈಯನ್ನು ನಂಬುವ ಹಾಗಿರಲಿಲ್ಲ. ಪಕ್ಕದ ಖಾಲಿ ಗೋಡೆಗೆ ಅಕ್ಕನನ್ನೇ ಒರಗಿಸಿ ನಿಲ್ಲಿಸಿದಳು. ಬಟ್ಟೆಯನ್ನು ಮೈಗೆ ಒತ್ತಿ ಹಿಡಿದು, ಇದ್ದಿಲಿನಿಂದ ಸುತ್ತ ಗೆರೆ ಎಳೆಯುತ್ತ ಬಂದಳು. ಭುಜ, ತೋಳು, ಎಡಪಕ್ಕೆ. ಅಲ್ಲಿ ಒತ್ತಿದ್ದೇ ತಡ, ಅಕ್ಕ ಚೀರಿದಳು. ಬೆರಳ ಕೆಳಗೆ ಏನೋ ಗಟ್ಟಿಯಾಗಿ, ಮುಷ್ಟಿಯಷ್ಟು. ಎಂಟು ತಿಂಗಳಲ್ಲಿ ಆ ಜಾಗ ಮುಟ್ಟಿ ನೋಡಿದ ಮೊದಲ ಕೈ ಬೋರ್ಡು ಬರೆಯುವವಳದು!

ಅಕ್ಕನನ್ನು ತಬ್ಬಿಕೊಂಡೇ ರಸ್ತೆ ದಾಟಿಸಿದಳು.

“ಮೊದಲು ತೂಕ,” ಎಂದಳು ನರ್ಸು.

“ತೂಕ ಬೇಡ. ಹೊಟ್ಟೆ ಮೇಲೆ ಕೈ ಇಟ್ಟು ನೋಡಿ.”

“ರೂಲ್ಸು ಅಮ್ಮಾ.”

“ಹಾಗಿದ್ರೆ ಆ ಮಿಷಿನ್ನನ್ನೇ ಮಲಗಿಸಿ ನೋಡಿ!”

ಗಲಾಟೆಗೆ ಡಾಕ್ಟರು ಹೊರಗೆ ಬಂದರು. ಬಾಯಿ ಮುಚ್ಚಿಸಲೆಂದೇ ಕೈ ಇಟ್ಟರು. ಒತ್ತಿದರು. ಇನ್ನೊಮ್ಮೆ ಒತ್ತಿದರು.

“ಇಷ್ಟಾಗೋವರೆಗೂ ಯಾಕಮ್ಮ ಬರಲಿಲ್ಲ?”

ಅಕ್ಕ ಅವರ ಮುಖವನ್ನೇ ನೋಡಿದಳು. ಆರು ಚೀಟಿಗೂ ಸಹಿ ಹಾಕಿದವರು ಅವರೇ.

ಗಡ್ಡೆ ಹರಡಿತ್ತು. ಆರು ತಿಂಗಳು ಮೊದಲಾಗಿದ್ದರೆ ತೆಗೆಯಬಹುದಿತ್ತಂತೆ. ಬೋರ್ಡಮ್ಮ ಆ ಇದ್ದಿಲ ಗೆರೆಯ ಮೇಲೆಯೇ, ಒಂದು ಕೂದಲೆಳೆಯೂ ಕಡಿಮೆಯಾಗದಂತೆ, ಚಿತ್ರ ಮುಗಿಸಿದಳು.

ಅಕ್ಕ ವಾರ್ಡಿನಲ್ಲಿ ದಿನೇದಿನೇ ಸೊರಗುತ್ತಿದ್ದಾಳೆ. ಮೊನ್ನೆ ನೋಡಲು ಬಂದ ಚಿಕ್ಕಮ್ಮ ಮಂಚದ ಪಕ್ಕ ನಿಂತು, “ಅಂತೂ ತೆಳ್ಳಗಾದೆ ನೋಡು, ಎಷ್ಟು ಲಕ್ಷಣವಾಗಿ ಕಾಣ್ತೀಯ!” ಎಂದಳು. ಬೋರ್ಡಮ್ಮ ಚಿಕ್ಕಮ್ಮನ ತೋಳು ಹಿಡಿದು ಹೊರಗೆ ಬಿಟ್ಟು ಬಂದು, ಬಾಗಿಲು ಹಾಕಿದಳು.