ನಿದ್ದೆಯಲ್ಲಿದ್ದವನ ನೆನಪು

ನನ್ನ ತಮ್ಮ ಖಾದಿ ತೊಟ್ಟು ಚಳವಳಿಗೆ ಸೇರಿದ್ದು ಒಂದು ನೆನಪಿನ ಬಲದಿಂದ. ಆ ನೆನಪು ನನ್ನದು. ಅದನ್ನು ಅವನಿಗೆ ಬಿಟ್ಟುಕೊಡಲಾಗದೆ ನಾನು ಮಾಡಿದ ಕೆಲಸವನ್ನು ಬರೆಯಲು ಕೂತಿದ್ದೇನೆ. ಕೂಲಿಮಠದಲ್ಲಿ ಒಂದೂವರೆ ವರ್ಷ ಕಲಿತ ಅಕ್ಷರ. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು.

ಮಿಡಿಗೇಶಿಯ ಕೋಟೆ ಬೆಟ್ಟದ ಕೆಳಗೆ ನಮ್ಮ ಮನೆ. ಅಪ್ಪ ಕಂಬಳಿ ನೇಯುತ್ತಿದ್ದ, ಅವ್ವ ಉಣ್ಣೆ ನೂಲುತ್ತಿದ್ದಳು. ತಮ್ಮ ಹುಟ್ಟಿದ ಮೇಲೆ ನನ್ನನ್ನು ಮಠ ಬಿಡಿಸಿದರು. "ಹೆಣ್ಣುಡ್ಗಿ ಓದಿ ಏನ್ ಶ್ಯಾನುಬೋಗ್ಕೆ ಮಾಡ್ಬೇಕಾ? ಮಗೀನ ಎತ್ಕೊ," ಎಂದಳು ಅವ್ವ. ಅಂದಿನಿಂದ ಅವನು ನನ್ನ ಸೊಂಟದ ಮೇಲೆ. ಮಠದ ಬಾಗಿಲಲ್ಲಿ ನಿಂತು ಒಳಗಿನ ಮಗ್ಗಿ ಕೇಳುವಾಗಲೂ ಸೊಂಟದ ಮೇಲೇ. ಒಮ್ಮೊಮ್ಮೆ ಅವನ ತೊಡೆ ಚಿವುಟಿ ಅಳಿಸಿ, ಆಮೇಲೆ ನಾನೇ ಸಮಾಧಾನ ಮಾಡುತ್ತಿದ್ದೆ.

ಆ ದಿನಗಳಲ್ಲೇ ಒಬ್ಬ ಅಧಿಕಾರಿ ನಮ್ಮೂರಿಗೆ ಮೊಕ್ಕಾಂ ಬಂದರು. ಮೊಕ್ಕಾಂ ಎಂದರೆ ಹಾಲು, ಕೋಳಿ, ಸೌದೆ, ಹುಲ್ಲು ಎಲ್ಲವನ್ನೂ ಊರವರು ಬಿಟ್ಟಿ ಕೊಡಬೇಕು. ಪಟೇಲರ ಆಳು ಬಂದು, ಅಪ್ಪ ಆಗಷ್ಟೇ ಮಗ್ಗದಿಂದ ಇಳಿಸಿದ್ದ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಹೋದ. ಅಪ್ಪ ಅವನ ಹಿಂದೆ ಹೋದ, ನಾನು ಅಪ್ಪನ ಹಿಂದೆ. ಡೇರೆಯ ಮುಂದೆ ಅದನ್ನು ಹಾಸಿ ಸಾಹೇಬರ ನಾಯಿಯನ್ನು ಮಲಗಿಸಿದ್ದರು. ಮನೆಯಲ್ಲಿ ನಾವು ಕಂಬಳಿ ತುಳಿದರೆ ಏಟು ಹಾಕುತ್ತಿದ್ದ ಅಪ್ಪ ಅಲ್ಲಿ ಕೈಮುಗಿದು ನಿಂತು ನಕ್ಕ. "ನಾಯಿ ಚೆಂದಾಗೈತೆ ಬುದ್ಧಿ," ಎಂದ. ಆ ನಗುವನ್ನು ನಾನು ನೋಡಿದೆ. ತಮ್ಮ ನನ್ನ ಹೆಗಲ ಮೇಲೆ ಬಾಯಿ ತೆರೆದು ನಿದ್ದೆ ಹೋಗಿದ್ದ. ಅವನ ಜೊಲ್ಲಿಗೆ ನನ್ನ ರವಿಕೆ ಒದ್ದೆಯಾಗಿತ್ತು.

ಅವನು ಬೆಳೆದ ಮೇಲೆ, ಉಣ್ಣೆಯ ಮುಳ್ಳು ಆರಿಸುತ್ತಾ ಇದನ್ನು ನಾನೇ ಅವನಿಗೆ ಹೇಳಿದೆ. ಮತ್ತೆ ಮತ್ತೆ ಹೇಳಿಸುತ್ತಿದ್ದ. "ಅಪ್ಪ ನಕ್ಕಿದ್ದು ಹೆಂಗಕ್ಕ? ಮಾಡಿ ತೋರ್ಸು." ನಾನು ಮಾಡಿ ತೋರಿಸುತ್ತಿದ್ದೆ. ಅವನು ನಗುತ್ತಿರಲಿಲ್ಲ.

ಅವನನ್ನು ಮಧುಗಿರಿಗೆ ಓದಲು ಕಳಿಸಿದರು. ನನ್ನನ್ನು ಊರಲ್ಲೇ ಮದುವೆ ಮಾಡಿ ಕೊಟ್ಟರು. ಅವನು ಬಿಳಿ ಟೋಪಿ ಹಾಕಿಕೊಂಡು ಬಂದು ಪ್ರಜೆಗಳ ಸರ್ಕಾರ ಬರಬೇಕೆಂದಾಗ, ಮಹಾರಾಜರೇ ದೇವರು ಎಂದು ನಾನು ವಾದಿಸಿದೆ. ನನಗೆ ಅಂಥ ರಾಜಭಕ್ತಿಯೇನೂ ಇರಲಿಲ್ಲ. ಅವನು ಈ ಕಡೆ ನಿಂತದ್ದರಿಂದ ನಾನು ಆ ಕಡೆ ನಿಂತೆ. ರಾಜರ ಪಟ ತಂದು ಗೋಡೆಗೆ ಹಾಕಿ, ಅವನು ಮನೆಗೆ ಬರುವ ದಿನ ಮಾತ್ರ ಅದಕ್ಕೆ ಹೂ ಮುಡಿಸುತ್ತಿದ್ದೆ.

ಒಂದು ವರ್ಷ ಮತ್ತೆ ಮೊಕ್ಕಾಂ ಬರುವ ಸುದ್ದಿ ಬಂತು. ಈ ಸಲ ಯಾರೂ ಬಿಟ್ಟಿ ಕೊಡಬಾರದೆಂದು ತಮ್ಮ ಮನೆಮನೆ ತಿರುಗಿ ಹಿರಿಯರನ್ನು ಕೂಡಿಸಿದ. ನಮ್ಮಲ್ಲಿ ಕಂಬಳಿ ಹಾಸಿ ಗದ್ದಿಗೆ ಮಾಡಿದರೆ ಅಲ್ಲಿ ಸುಳ್ಳಾಡುವಂತಿಲ್ಲ. ಆಡಿದವನ ಮಾತು ಮುಂದೆ ನಡೆಯುವುದಿಲ್ಲ. ಅವತ್ತೂ ಗದ್ದಿಗೆ ಹಾಸಿದ್ದರು. ಬಿಟ್ಟಿ ಕೊಡುವುದಿಲ್ಲವೆಂದು ಹಿರಿಯರು ಆ ಕಂಬಳಿ ಮುಟ್ಟಿ ಆಣೆ ಮಾಡುವುದಷ್ಟೇ ಬಾಕಿಯಿತ್ತು. ಅಷ್ಟರಲ್ಲಿ ತಮ್ಮ ಎದ್ದು ನಾಯಿಯ ಕತೆ ಹೇಳಿದ. "ಅಕ್ಕನ ಸೊಂಟದ ಮ್ಯಾಲೆ ಕುಂತು ಕಣ್ಣಾರೆ ನೋಡಿವ್ನಿ. ಅವತ್ತೇ ನಾನು ಇಂಗಾದೆ," ಎಂದ. ಅಪ್ಪನ ನಗುವನ್ನೂ ಮಾಡಿ ತೋರಿಸಿದ, ನಾನು ಮಾಡುತ್ತಿದ್ದ ಹಾಗೆಯೇ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಪಕ್ಕದ ಮುದುಕಿ, "ಎಂತಾ ಮಗನ್ನ ಹೆತ್ಲು ಕಣಮ್ಮ ನಿಮ್ಮವ್ವ!" ಎಂದಳು. ನನ್ನನ್ನೂ ಅದೇ ಅವ್ವ ಹೆತ್ತದ್ದು ಅವಳಿಗೆ ನೆನಪಾಗಲಿಲ್ಲ.

ನಾನು ಎದ್ದು ನಿಂತೆ. "ಗದ್ದಿಗೆ ಮುಂದೆ ಸುಳ್ಳಾಡ್ಬ್ಯಾಡ ಕಣ್ಲಾ. ಅವತ್ತು ನೀನು ನಿದ್ದೆ ಮಾಡ್ತಿದ್ದೆ. ಏನೂ ನೋಡಿಲ್ಲ."

"ಏನ್ಲಾ, ನಿಮ್ಮಕ್ಕ ಹೇಳೋದು ದಿಟವಾ?" ಎಂದು ಹಿರಿಯರೊಬ್ಬರು ಕೇಳಿದರು.

ಅವನು ನನ್ನನ್ನೇ ನೋಡುತ್ತಿದ್ದ. "ನಂಗೆ ನೋಡ್ದಂಗೇ ಐತಜ್ಜ," ಎಂದ.

"ಕನಸ್ನಾಗೆ ಕಂಡಿರ್ಬೇಕು, ಬುಡಿ," ಎಂದು ಪಟೇಲರ ಕಡೆಯವನೊಬ್ಬ ನಕ್ಕ. ಉಳಿದವರೂ ನಕ್ಕರು. ಹಿರಿಯರು ಕಂಬಳಿ ಮಡಿಸಿದರು. ಆಣೆ ಆಗಲಿಲ್ಲ. ಆ ಸಲವೂ ಹಾಲು, ಕೋಳಿ, ಹುಲ್ಲು ಬಿಟ್ಟಿ ಹೋದವು. ನನ್ನ ಮನೆಯಿಂದಲೂ ಹೋದವು.

ಊರು ಬಿಟ್ಟು ಹೊರಡುವಾಗ ತಮ್ಮ ಬೈಯಲಿಲ್ಲ. "ನಾನು ನಿದ್ದೆ ಮಾಡ್ತಿದ್ದೆ, ಆಯ್ತು ಬುಡಕ್ಕ. ನೀನು ಎಚ್ಚರ್ವಾಗಿದ್ದೆಯಲ್ಲ? ಅದು ನಡೆದದ್ದು ದಿಟ ಅಂತ ಒಂದು ಮಾತು ಅನ್ಬೋದಿತ್ತು," ಎಂದ.

ಅದು ನನಗೆ ಹೊಳೆಯಲಿಲ್ಲ ಎಂದು ಬಹಳ ಕಾಲ ಹೇಳಿಕೊಂಡು ಬಂದೆ. ಹೊಳೆದಿತ್ತು. ಹೇಳಿದ್ದರೆ ಅವನು ಗೆಲ್ಲುತ್ತಿದ್ದ.

ಅವನು ಪಾವಗಡದ ಕಡೆ ಹೋಗಿ ನೆಲೆಸಿದ. ಅಲ್ಲಿಯ ಜನ ತೆಲುಗಿನಲ್ಲಿ "ಅನ್ನಾ, ಅನ್ನಾ" ಎಂದು ಅವನ ಸುತ್ತ ಇರುತ್ತಾರೆಂದು ಬಸ್ಸಿನಲ್ಲಿ ಬಂದವರು ಹೇಳುತ್ತಿದ್ದರು. ಅದಕ್ಕೂ ಹೊಟ್ಟೆ ಉರಿಯುತ್ತಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಮಧುಗಿರಿಯಿಂದ ಕೆಲವು ಹುಡುಗರು ಬಂದು, ಬಿಟ್ಟಿಯ ಕಾಲದ್ದೇನಾದರೂ ಹೇಳಿ ಎಂದು ಕೇಳಿದರು. ಕೊನೆಗೂ ಕೇಳುವವರು ನನ್ನ ಬಾಗಿಲಿಗೇ ಬಂದಿದ್ದರು. ಮಾತು ಗಂಟಲ ತನಕ ಬಂತು.

"ಪಾವಗಡಕ್ಕೆ ಹೋಗಿ ನನ್ನ ತಮ್ಮನ್ನ ಕೇಳ್ರಪ್ಪ," ಎಂದೆ. "ಅವನು ನೋಡವ್ನೆ."

ಹೇಳಿದ ಮೇಲೂ ಉರಿ ತಣ್ಣಗಾಗಲಿಲ್ಲ. ಆದರೆ ಆ ಹುಡುಗರನ್ನು ವಾಪಸು ಕರೆಯಲಿಲ್ಲ.