ಮದುಮಗನ ಕುದುರೆಯ ಮೇಲೆ ಚಿಗವ್ವ

...ಬಿಳಿಯದಾಗಿರಲಿಕ್ಕಿಲ್ಲ ಆ ಕುದುರೆ. ಬಿಳಿ ಬಣ್ಣ ನಾನೇ ಆಮೇಲೆ ಬಳಿದಿದ್ದಿರಬೇಕು. ಮದುವೆಯ ಕುದುರೆ ಎಂದೊಡನೆ ನೆನಪು ತಾನಾಗಿ ಸುಣ್ಣ ಹಚ್ಚತೊಡಗುತ್ತದೆ. ಕಂದು ಇದ್ದೀತು, ಬೂದು ಇದ್ದೀತು. ಕಿವಿಯ ಹಿಂದೆ ಯಾವುದೋ ಲಗ್ನದ ಹಳದಿ ಗೊಂಡೆ ಜೋತಾಡುತ್ತಿತ್ತು. ಅದನ್ನಾದರೂ ಆಣೆಯಿಟ್ಟು ಹೇಳಬಲ್ಲೆನೆ? ಬೇಡ, ಮುಂದಕ್ಕೆ ಹೋಗೋಣ.

ಲಡಾಯಿಯ ವರ್ಷಗಳ ಒಂದು ಬೇಸಿಗೆ. ನಾನು ಕೊಲ್ಲಾಪುರದಲ್ಲಿ ಓದುತ್ತಿದ್ದೆ. ಸೂಟಿಗೆ ಇಚಲಕರಂಜಿಗೆ ಬಂದವನನ್ನು ಚಿಗವ್ವನ ಜೊತೆ ಮಾಡಿ ಗಡಹಿಂಗ್ಲಜದ ಹತ್ತಿರದ ಒಂದು ತೋಟದ ಮನೆಗೆ ಕಳಿಸಿದರು. ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ಮಗ್ಗಗಳ ಸದ್ದಿನ ನಡುವೆ ಬಹಳ ದಿನ ಜ್ವರದಲ್ಲಿ ಮಲಗಿ ಎದ್ದವಳು. ಹಳ್ಳಿಯ ಗಾಳಿ ಬೇಕು ಎಂದಿದ್ದರು ಡಾಕ್ಟರರು. ತೋಟ ಅವಳ ನಾದಿನಿಯದು. ಅಲ್ಲಿ ಸದ್ದೇ ಇರಲಿಲ್ಲ, ಅದೇ ತೊಂದರೆ. ಚಿಗವ್ವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ನಾನು ಬಾಗಿಲಿನಿಂದ ಬಾವಿಗೆ, ಬಾವಿಯಿಂದ ಬಾಗಿಲಿಗೆ ಅಡ್ಡಾಡುತ್ತಿದ್ದೆ.

“ಕುದರಿ ಮ್ಯಾಲೆ ಕುಂತು ಹೊಳಿತನಕ ಹೋಗಿ ಬರ್ತೇನಿ,” ಎಂದಳು ಚಿಗವ್ವ ಒಂದು ದಿನ. “ಸಣ್ಣಾಕಿ ಇದ್ದಾಗ ತವರೂರು ದಾನೋಳಿಯೊಳಗ ಹತ್ತೇನಿ.”

ನಾದಿನಿ ನಕ್ಕಳು. “ಆವಾಗ ಹುಣಸಿ ಗಿಡಾನೂ ಹತ್ತೀರಿ, ವೈನಿ. ಈಗ ಹತ್ರಿ ನೋಡೋಣು.”

ಊರಿನಲ್ಲಿ ಬಾಡಿಗೆಗೆ ಸಿಗುವ ಕುದುರೆ ಒಂದೇ, ಮದುಮಕ್ಕಳನ್ನು ಹೊರುವುದು. ಅದರ ಯಜಮಾನ ಲಗಾಮು ಹಿಡಿದು ಬಂದು, “ಭಾಳ ಗರೀಬ ಜನಾವರ ಐತ್ರಿ ಅಕ್ಕಾರ. ಗಡಗಡ ನಡಗೋ ಮದಿಮಕ್ಕಳನ್ನೂ ಒಬ್ಬರನ್ನೂ ಕೆಡವಿಲ್ಲ,” ಎಂದ.

ನಾವು ಜೈನರು; ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅಂದು ಚಿಗವ್ವನದು ಒಪ್ಪತ್ತು ಬೇರೆ. ದಿನಕ್ಕೆ ಒಂದೇ ಊಟ, ನೀರೂ ಆಗಲೇ. ಹೊಟ್ಟೆ ತುಂಬಿಕೊಂಡು ಕುದುರೆ ಹತ್ತಬಾರದೆಂದು ಊಟವನ್ನು ಸಂಜೆಗೆ ಇಟ್ಟುಕೊಂಡಿದ್ದಳು. ಹೊತ್ತು ಮುಳುಗುವ ಮೊದಲು ಮನೆ ಮುಟ್ಟದಿದ್ದರೆ ಮಾರನೆಯ ಬೆಳಗಿನವರೆಗೆ ಗುಟುಕು ನೀರೂ ಇಲ್ಲ. ಜ್ವರ ಬಿಟ್ಟ ಮೈ. ಬೇಡವೆಂದರೆ ಕೇಳುವವಳಲ್ಲ.

ಹೊಲದ ಬದುವಿನ ಮೇಲೆ ಹಿರಣ್ಯಕೇಶಿಯ ದಂಡೆಯವರೆಗೆ ಕುದುರೆ ಮೆತ್ತಗೆ ನಡೆಯಿತು. ನಾನು ಪಕ್ಕದಲ್ಲೇ ಕಾಲ್ನಡಿಗೆ. ಅವಳು ಕಚ್ಚೆ ಸೀರೆ ಬಿಗಿದು ನೆಟ್ಟಗೆ ಕುಳಿತಿದ್ದಳು. ಹೊಳೆಯನ್ನು ನೋಡಿದಳೋ ಇಲ್ಲವೋ; ನಾನಂತೂ ಸೂರ್ಯನನ್ನೇ ನೋಡುತ್ತಿದ್ದೆ.

ಬರುವಾಗ ಹತ್ತಿರವಾದೀತೆಂದು ಕುದುರೆಯವ ಊರೊಳಗಿನ ದಾರಿ ಹಿಡಿದ. ಮಾರುತಿ ಗುಡಿಯ ಮುಂದೆ ಕುದುರೆ ನಿಂತುಬಿಟ್ಟಿತು. ನಮ್ಮ ಕಡೆ ನವರಾನನ್ನು, ಎಂದರೆ ಮದುಮಗನನ್ನು, ಮೊದಲು ಮಾರುತಿ ಗುಡಿಗೆ ಕರೆತಂದು, ಕೈ ಮುಗಿಸಿ, ಹಲಗೆ ಬಾರಿಸುತ್ತ ಮಂಟಪಕ್ಕೆ ಒಯ್ಯುತ್ತಾರೆ. ಮದುವೆಯ ಹಂಗಾಮಿನ ಉದ್ದಕ್ಕೂ ಅದನ್ನೇ ಮಾಡಿದ ಕುದುರೆ, ಹಲಗೆಯ ಸದ್ದಿಗೆ ಕಾಯುತ್ತ ನಿಂತಿತು. “ಚಲ ರೇ ರಾಜಾ, ಚಲ,” ಎಂದು ಯಜಮಾನ ಗೋಗರೆದ. ಎಳೆದ. ಬೈದ. ಕುದುರೆ ಕಣ್ಣು ಅರೆ ಮುಚ್ಚಿತು.

ಕಟ್ಟೆಯ ಮೇಲಿನ ಮುದುಕನೊಬ್ಬ ಕೂಗಿದ: “ಏ, ಈ ಸಲ ನವರೀನ ಕುದರಿ ಹತ್ಯಾಳಲ್ಲೋ! ನವರಾ ಎಲ್ಲಿ ಓಡಿ ಹೋದ?”

“ನವರಾ ಇಚಲಕರಂಜ್ಯಾಗ ಮಗ್ಗದ ಮುಂದ ನಿಂತಾನ್ರಿ ಅಜ್ಜಾ!” ಮೇಲಿನಿಂದ ಚಿಗವ್ವ. “ನೀವು ಹಲಗಿ ಬಾರಸ್ರಿ ಮೊದಲ. ಹೊತ್ತ ಮುಳಗಾಕತ್ತೈತಿ!”

ಹಲಗೆ ಇರಲಿಲ್ಲ. ಯಾರೋ ಖಾಲಿ ಚಿಮಣಿ ಎಣ್ಣೆಯ ಡಬ್ಬಿ ತಂದು ಬಡಿದರು. ಕುದುರೆ ಹೊರಟಿತು, ಆದರೆ ಮೆರವಣಿಗೆಯ ನಡಿಗೆಯಲ್ಲಿ. ಎರಡು ಹೆಜ್ಜೆ, ಕತ್ತು ಕುಣಿಸುವುದು, ಮತ್ತೆ ನಿಲ್ಲುವುದು. ಆರತಿಗಾಗಿ ಎಂಬಂತೆ ಮನೆಮನೆಯ ಮುಂದೆ ನಿಲ್ಲುವುದು. ಡಬ್ಬಿ ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಇಳಿದು ನಡೆಯಲು ಚಿಗವ್ವನ ಕಾಲಲ್ಲಿ ಬಲವಿಲ್ಲ. ಪಡುವಣಕ್ಕೆ ಮೋಡ ಏರುತ್ತಿತ್ತು.

ತಾಟು ಹಾಕಿಸಲು ನಾನು ಮುಂದೆ ಓಡಿದೆ. ಆದ್ದರಿಂದ ಕೊನೆಯ ದಾರಿಯನ್ನು ನಾನು ಕಂಡಿಲ್ಲ; ಕಂಡಂತೆ ಎಷ್ಟೋ ಸಲ ಹೇಳಿದ್ದೇನೆ.

ಡಬ್ಬಿಯ ಸದ್ದಿನೊಂದಿಗೇ ಅವಳು ಅಂಗಳಕ್ಕೆ ಬಂದಳು. ಆಗ ಆಕಾಶವೆಲ್ಲ ಬೂದಿ. ಇಳಿದು, ಕೈಕಾಲು ತೊಳೆದು, “ಹೊತ್ತ ಐತೇನ?” ಎಂದಳು.

“ಐತಿ, ಮೋಡದ ಹಿಂದ ಐತಿ. ಕೂಡ್ರಿ ವೈನಿ,” ಎಂದಳು ನಾದಿನಿ.

“ಈಗ ಹೋತ ನೋಡ್ರಿ...” ಎಂದ ಕುದುರೆಯವ.

“ನೀ ನಿನ್ನ ಕುದರಿ ನೋಡ್ಕೋಪಾ!” ನಾದಿನಿ ಗದರಿದಳು.

ಚಿಗವ್ವ ಇಬ್ಬರ ಮಾತೂ ಕೇಳಲಿಲ್ಲ. ಬಲಗೈ ಚಾಚಿ ಅಂಗೈ ನೋಡಿಕೊಂಡಳು. ಗೆರೆಗಳು ಕಂಡರೆ ಹೊತ್ತು ಇದೆ ಎಂದು ಲೆಕ್ಕ. ಬಹಳ ಹೊತ್ತು ನೋಡಿದಳು. ಅಥವಾ ನನಗೆ ಹಾಗನ್ನಿಸಿತು. ಆಮೇಲೆ ಕುಳಿತು, ನೀರು ಕುಡಿದು, ಉಂಡಳು. ಬೇಗಬೇಗ, ಕಣ್ಣೆತ್ತದೆ.

ಮುಂದಿನ ಒಂದು ಸೂಟಿಯಲ್ಲಿ ನೋಡಿದಾಗ ಅವಳು ಬೆಲ್ಲ ಬಿಟ್ಟಿದ್ದಳು. ಹೋಳಿಗೆಯಿಲ್ಲ, ಕಬ್ಬಿನ ಗಾಣದ ಕಾಕಂಬಿಯೂ ಇಲ್ಲ. ಕೊನೆಯವರೆಗೂ ಮುಟ್ಟಲಿಲ್ಲ. ತಪ್ಪಾಯಿತೆಂದು ಅನ್ನಿಸಿದವರು ನಮ್ಮಲ್ಲಿ ಹೀಗೆ ಪ್ರಿಯವಾದುದೊಂದನ್ನು ಬಿಡುತ್ತಾರೆ. ಏನೂ ತಪ್ಪು ಮಾಡದವರೂ ಬಿಡುತ್ತಾರೆ. ತಾಯಿಯನ್ನು ಕೇಳಿದೆ. “ಬಿಟ್ಟಾಳ, ಅಷ್ಟ,” ಎಂದಳು. ಕುದುರೆಯ ಬೆನ್ನಿಗೇ ಬೆಲ್ಲವನ್ನು ತಂದು ನಿಲ್ಲಿಸುವುದು ಕತೆ ಹೇಳುವವನ ಚಟ. ಎರಡರ ನಡುವೆ ಒಂದು ಮಳೆಗಾಲವಿತ್ತೋ ಹಲವು ವರ್ಷವೋ, ಈಗ ಬಿಡಿಸಲಾರೆ.

ಅವಳಿಗೆ ಅಂಗೈಯ ಗೆರೆಗಳು ಕಂಡವೋ ಇಲ್ಲವೋ, ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.